ಬ್ಯಾಪ್ಟಿಸ್ಟ್ ಸಭೆಗೆ ಸೇರಲು ಹೊರಟ ತಮ್ಮನ ಮಗಳಿಗೆ

ಧಾರವಾಡ

ಪ್ರೀತಿಯ ಮಗಳೇ,

ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ದೇವರ ದಯೆಯಿಂದ ಇಲ್ಲಿ ನಾವೆಲ್ಲ ಆರಾಮವಾಗಿದ್ದೇವೆ. ನಿನ್ನ ಪತ್ರ ಬಂತು. ಬೆಂಗಳೂರಿನ ಆ ಬ್ಯಾಪ್ಟಿಸ್ಟ್ ಸಭೆಗೆ, ಅಂದರೆ ಆ ಚರ್ಚಿಗೆ, ಮೆಂಬರ್ ಆಗಬೇಕು ಅಂತ ಮನಸ್ಸು ಮಾಡಿದ್ದೀಯ. ಅದಕ್ಕೆ ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ತೆಗೆದುಕೊಳ್ಳಬೇಕು ಅಂದಿದ್ದಾರೆ. ಅದನ್ನು ಕೇಳಿ ನಿಮ್ಮಮ್ಮ ಬೇಜಾರು ಮಾಡಿಕೊಂಡಿದ್ದಾಳೆ. ಏನು ಮಾಡಲಿ ದೊಡ್ಡಪ್ಪ ಅಂತ ಕೇಳಿದ್ದೀಯ.

ಹೋಗಬೇಡ ಅಂತ ನಾನು ಹೇಳುವುದಿಲ್ಲ. ಬಾಸೆಲ್ ಮಿಷನ್ ಕಾಲದಿಂದ ನಮ್ಮ ಮನೆತನ ಇದೇ ಸಭೆಯಲ್ಲಿದೆ, ಈಗ ಅದು ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆ. ಹಾಗಂತ ಕರ್ತನು ನಮ್ಮ ಗೋಡೆಯೊಳಗೆ ಮಾತ್ರ ಇದ್ದಾನೆ ಅಂತ ನಮ್ಮ ಹಿರಿಯರು ಯಾರೂ ಕಲಿಸಲಿಲ್ಲ. ಕನ್ನಡ ಕಲಿಯುವವರಿಗಾಗಿ 1817ರಲ್ಲಿ ಬಂಗಾಳದ ಶ್ರೀರಾಮಪುರದ ಪ್ರೆಸ್ಸಿನಲ್ಲಿ ವ್ಯಾಕರಣ ಅಚ್ಚು ಹಾಕಿಸಿದ ಮಿಷನರಿ ವಿಲಿಯಂ ಕೇರಿ ಬ್ಯಾಪ್ಟಿಸ್ಟರೇ. ಅವರು ನಮಗೆ ಬೇರೆಯವರೇನೂ ಅಲ್ಲ.

ಆದರೆ ನಿನ್ನ ಪತ್ರ ಓದುತ್ತಾ ಒಂದು ಯೋಚನೆ ಆಯಿತು. ಅದರಲ್ಲಿ ಪಾಸ್ಟರ್ ಬಗ್ಗೆಯೇ ಜಾಸ್ತಿ ಇದೆ. ಅವರ ಪ್ರಸಂಗ, ಅವರು ಪ್ರಾರ್ಥಿಸುವ ರೀತಿ, ನಿನಗೆ ಜ್ವರ ಬಂದಾಗ ಮನೆಗೆ ಬಂದು ಹೋದದ್ದು. ಎಲ್ಲ ಒಳ್ಳೆಯದೇ. ಸಭೆಯ ಜನರ ಬಗ್ಗೆ ಮಾತ್ರ ಒಂದೇ ಸಾಲು, "ಎಲ್ಲರೂ ಫ್ರೆಂಡ್ಲಿ" ಅಂತ. ನೀನು ಪಾಸ್ಟರನ್ನು ನೋಡಿ ಸೇರುತ್ತಿದ್ದೀಯೋ, ಸಭೆಯನ್ನು ನೋಡಿ ಸೇರುತ್ತಿದ್ದೀಯೋ? ಬೇರೆ ಕಡೆ ಈ ಪ್ರಶ್ನೆಗೆ ಅಷ್ಟು ತೂಕ ಇಲ್ಲದಿರಬಹುದು. ಬ್ಯಾಪ್ಟಿಸ್ಟ್ ಸಭೆಯಲ್ಲಿ ಎಲ್ಲವೂ ಇದರ ಮೇಲೆಯೇ ನಿಂತಿದೆ.

ಯಾಕೆ ಅಂದರೆ, ನಮ್ಮಲ್ಲಿ ಪಾಸ್ಟರ ಮೇಲೆ ಬಿಷಪ್ ಇದ್ದಾರೆ, ಅವರ ಆಡಳಿತದ ಡಯಾಸಿಸ್ ಇದೆ. ಪಾಸ್ಟರ್ ಸರಿಯಿಲ್ಲ ಅಂದರೆ ದೂರು ಕೊಡಬಹುದು, ಇಲ್ಲದಿದ್ದರೂ ಕೆಲವು ವರ್ಷಕ್ಕೆ ಟ್ರಾನ್ಸ್‌ಫರ್ ಆಗಿಯೇ ಆಗುತ್ತದೆ. ಬ್ಯಾಪ್ಟಿಸ್ಟರಲ್ಲಿ ಪಾಸ್ಟರ ಮೇಲೆ ಕ್ರಿಸ್ತನಿದ್ದಾನೆ, ಮತ್ತೆ ಸಭೆ ಇದೆ. ಅಷ್ಟೇ. ಪಾಸ್ಟರನ್ನು ಕರೆಯುವುದು ಸಭೆ, ಸಂಬಳ ಗೊತ್ತು ಮಾಡುವುದು ಸಭೆ, ಬೇಡ ಅನ್ನಿಸಿದರೆ ಕಳಿಸುವುದೂ ಸಭೆಯೇ. ಅಸೋಸಿಯೇಷನ್, ಕನ್ವೆನ್ಶನ್ ಅಂತ ಸಭೆಗಳ ಒಕ್ಕೂಟಗಳು ಇರುತ್ತವೆ, ಆದರೆ ಅವು ಸಲಹೆ ಕೊಡಬಹುದು, ಆಜ್ಞೆ ಮಾಡಲು ಬರುವುದಿಲ್ಲ. ಹಾಗಾಗಿ ಅಲ್ಲಿ ಮೆಂಬರ್ ಆಗುವುದು ಅಂದರೆ ಪಾಸ್ಟರ ಬಗ್ಗೆ ಜವಾಬ್ದಾರಿ ಹೊರುವುದು ಅಂತ ಅರ್ಥ. ಅವರು ಸರಿಯಾಗಿ ನಡೆದರೆ ಬೆನ್ನಿಗೆ ನಿಲ್ಲಬೇಕು, ತಪ್ಪಿದರೆ ಕೇಳಬೇಕು. ನಿನ್ನ ಬದಲು ಕೇಳುವವರು ಮೇಲೆ ಯಾರೂ ಇಲ್ಲ.

ಇದು ಅವರ ಹುಟ್ಟಿನಿಂದ ಬಂದ ಗುಣ. 1612ರ ಸುಮಾರಿಗೆ ಲಂಡನ್ನಿನಲ್ಲಿ ಮೊದಲ ಬ್ಯಾಪ್ಟಿಸ್ಟ್ ಸಭೆ ನಡೆಸಿದ ಥಾಮಸ್ ಹೆಲ್ವಿಸ್, ರಾಜ ಜೇಮ್ಸ್‌ಗೇ ಬರೆದು ತಿಳಿಸಿದರು: ರಾಜನೂ ಮನುಷ್ಯನೇ, ದೇವರಲ್ಲ, ಪ್ರಜೆಗಳ ಆತ್ಮದ ಮೇಲೆ ಅವನಿಗೆ ಅಧಿಕಾರ ಇಲ್ಲ. ಅದಕ್ಕಾಗಿ ಜೈಲಿಗೆ ಹೋದರು. ರಾಜನಿಗೇ ಹಾಗೆ ಹೇಳಿದವರ ಸಭೆಯಲ್ಲಿ ಪಾಸ್ಟರ್ ರಾಜನಾಗಿ ಕೂತರೆ ಅದು ಅವರ ಪರಂಪರೆಗೇ ಒಪ್ಪುವುದಿಲ್ಲ.

ಮೂರು ವಾರದ ಕ್ಲಾಸ್ ಮುಗಿಸಿದರೆ ಮುಂದಿನ ತಿಂಗಳೇ ದೀಕ್ಷಾಸ್ನಾನ ಅಂತ ಬರೆದಿದ್ದೀಯ. ಅಷ್ಟು ಅವಸರ ಯಾಕೆ? ಆಂಧ್ರದ ಒಂಗೋಲಿನ ಕಥೆ ನಿನಗೆ ಗೊತ್ತಿರಲಿಕ್ಕಿಲ್ಲ, ಸ್ವಲ್ಪ ಹೇಳುತ್ತೇನೆ. ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲೌ 1866ರಲ್ಲಿ ಅಲ್ಲಿಗೆ ಬಂದರು. ಅದೇ ವರ್ಷ ಯೆರ್ರಗುಂಟ್ಲ ಪೆರಯ್ಯ ಅನ್ನುವ ಮಾದಿಗ ಸಮುದಾಯದವರು ದೀಕ್ಷಾಸ್ನಾನ ತೆಗೆದುಕೊಂಡು ತಮ್ಮ ಜನರಲ್ಲಿ ಸುವಾರ್ತೆ ಸಾರತೊಡಗಿದರು. ಹತ್ತು ವರ್ಷಕ್ಕೆ ಮದ್ರಾಸ್ ಪ್ರಾಂತ್ಯದ ಆ ದೊಡ್ಡ ಬರ ಬಂತು, 1876ರಿಂದ 78ರವರೆಗೆ. ಜನ ಹಸಿವಿನಿಂದ ಸಾಯುತ್ತಿದ್ದರು. ಕ್ಲೌ ಬಕಿಂಗ್‌ಹ್ಯಾಮ್ ಕಾಲುವೆಯ ಮೂರು ಮೈಲಿಗೂ ಹೆಚ್ಚು ಅಗೆಯುವ ಕಂಟ್ರಾಕ್ಟ್ ತಾವೇ ಹಿಡಿದರು. ಸಾವಿರಾರು ಜನರಿಗೆ ಕೂಲಿ ಸಿಕ್ಕಿತು. ಬೋಧಕರೇ ಮೇಸ್ತ್ರಿಗಳಾಗಿ ನಿಂತು, ಬಿಡುವಿನಲ್ಲಿ ವಾಕ್ಯ ಹೇಳುತ್ತಿದ್ದರು.

ಆಗ ಜನ ಗುಂಪು ಗುಂಪಾಗಿ ಬಂದು ದೀಕ್ಷಾಸ್ನಾನ ಕೊಡಿ ಅಂದರು. ಕ್ಲೌ ಕೊಡಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ಒಬ್ಬರಿಗೂ ಕೊಡಲಿಲ್ಲ! ಅನ್ನಕ್ಕಾಗಿ ಬಂದರು ಅನ್ನುವ ಮಾತು ಅವರಿಗೂ ಬೇಡ, ಆ ಜನರಿಗೂ ಬೇಡ. ಇನ್ನು ಕೊಡಲು ಹಣ ಇಲ್ಲ ಅಂತ ತಿಳಿಸಿದ ಮೇಲೂ ಜನ ಬಂದರು. ಆಯಾ ಹಳ್ಳಿಯ ತೆಲುಗು ಬೋಧಕರು ತಮ್ಮ ತಮ್ಮ ಜನರನ್ನು ವಿಚಾರಿಸಿ, ಇವರು ಆಗಬಹುದು, ಇವರು ಇನ್ನೂ ಕಾಯಲಿ ಅಂತ ಹೇಳಿದರು. 1878ರ ಜುಲೈ 3ರಂದು ಗುಂಡ್ಲಕಮ್ಮ ನದಿಯಲ್ಲಿ ಒಂದೇ ದಿನ 2,222 ಜನ ದೀಕ್ಷಾಸ್ನಾನ ಪಡೆದರು. ಬೋಧಕರು ಸರದಿಯ ಮೇಲೆ ನೀರಿಗಿಳಿದು ಕೊಟ್ಟರು. ಎಲ್ಲರೂ ಆ ಸಂಖ್ಯೆಯನ್ನೇ ಹೇಳುತ್ತಾರೆ. ನನಗೆ ಮಾತ್ರ ಅದಕ್ಕಿಂತ, ಬೇಡ, ಈಗ ಬೇಡ ಅಂತ ತಡೆದು ನಿಂತ ಆ ತಿಂಗಳುಗಳೇ ದೊಡ್ಡದಾಗಿ ಕಾಣುತ್ತವೆ. ಜನರನ್ನು ಸೇರಿಸಿಕೊಳ್ಳಲು ಅವಸರ ಮಾಡದವನು ಒಳ್ಳೆಯ ಕುರುಬ. ಸ್ವಲ್ಪ ಕಾಯುತ್ತೇನೆ ಅಂತ ನಿಮ್ಮ ಪಾಸ್ಟರಿಗೆ ಹೇಳಿ ನೋಡು. ಅವರ ಮುಖ ಚಿಕ್ಕದಾಗುತ್ತದೋ, ಸಂತೋಷವಾಗಿ ಕಾಯಮ್ಮ ಅನ್ನುತ್ತಾರೋ, ಅದರಲ್ಲೇ ನಿನಗೆ ಅರ್ಧ ತಿಳಿಯುತ್ತದೆ.

ಕಾಯುವಾಗ ಸುಮ್ನೆ ಕೂರಬೇಡ. ಮೊದಲು ಸಭೆಯ ಬೈಲಾ, ಅಂದರೆ ಅದರ ನಿಯಮಾವಳಿ, ಕೇಳಿ ಇಸಕೊಂಡು ಓದು. ಸಭೆ ಯಾವುದರ ಕೆಳಗೆ ರಿಜಿಸ್ಟರ್ ಆಗಿದೆ, ನೋಡು. ಸೊಸೈಟಿ ಆಗಿದ್ದರೆ ಮೆಂಬರ್‌ಗಳಿಗೆ ವೋಟು ಇರುತ್ತದೆ, ವರ್ಷಕ್ಕೊಮ್ಮೆ ಜನರಲ್ ಬಾಡಿ ಕರೆಯಬೇಕು, ಲೆಕ್ಕ ಒಪ್ಪಿಸಬೇಕು. ಟ್ರಸ್ಟ್ ಆಗಿದ್ದರೆ ಟ್ರಸ್ಟಿಗಳು ಯಾರು ಅಂತ ಕೇಳು. ಬೋರ್ಡಿನ ಮೇಲೆ ಬ್ಯಾಪ್ಟಿಸ್ಟ್ ಅಂತ ಇದ್ದು, ಟ್ರಸ್ಟ್ ಡೀಡಿನಲ್ಲಿ ಪಾಸ್ಟರ್, ಅವರ ಹೆಂಡತಿ, ಭಾವಮೈದ ಮಾತ್ರ ಇದ್ದರೆ, ನೀನು ಅಲ್ಲಿ ಎಷ್ಟು ವರ್ಷ ದಶಮಾಂಶ ಕೊಟ್ಟರೂ ನಿನ್ನ ಮಾತಿಗೆ ಬೆಲೆ ಇರುವುದಿಲ್ಲ. ಬ್ಯಾಂಕಿನ ಚೆಕ್ಕಿಗೆ ಯಾರ ಸಹಿ, ಎಷ್ಟು ಜನರ ಸಹಿ, ಅದನ್ನೂ ತಿಳಿದುಕೋ. ಇದೆಲ್ಲ ಕೇಳಿದರೆ ನಂಬಿಕೆ ಕಡಿಮೆ ಅಂದುಕೊಳ್ಳುತ್ತಾರೆ ಅಂತ ಹೆದರಬೇಡ. ಅಪೊಸ್ತಲ ಪೌಲನು ಹೇಳಿದ್ದು ನಿಜವೋ ಅಂತ ಬೆರೋಯ ಊರಿನವರು ದಿನಾ ಶಾಸ್ತ್ರ ತೆಗೆದು ನೋಡಿದರು. ಅವರನ್ನು ಸತ್ಯವೇದ ಹೊಗಳಿದೆ, ಬೈದಿಲ್ಲ.

ಮೆಂಬರ್‌ಗಳ ಮೀಟಿಂಗ್‌ನಲ್ಲಿ ಹಿಂದೆ ಕೂತು ನೋಡಲು ಬಿಡುತ್ತಾರಾ ಅಂತ ಕೇಳು. ಬಳ್ಳಾರಿಯಲ್ಲಿ ನನ್ನ ಸ್ನೇಹಿತರೊಬ್ಬರು ತೆಲುಗು ಬ್ಯಾಪ್ಟಿಸ್ಟ್ ಸಭೆಯಲ್ಲಿ, ಅದರ ಕೆಲಸ ಕಾರ್ಯ ನೋಡಿಕೊಳ್ಳುವ ಡೀಕನ್ ಆಗಿದ್ದರು. ಅವರ ವಾರ್ಷಿಕ ಮೀಟಿಂಗ್‌ಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಆರಾಧನೆ ಮುಗಿದು, ಮಕ್ಕಳನ್ನು ಹೊರಗೆ ಆಡಲು ಕಳಿಸಿ, ಪ್ಲಾಸ್ಟಿಕ್ ಕುರ್ಚಿಗಳನ್ನು ಸುತ್ತ ಹಾಕಿಕೊಂಡು ಕೂತರು. ಖಜಾಂಚಿ ಲೆಕ್ಕ ಓದಿದರು. ಹೂವು ಮಾರುವ ಒಬ್ಬ ಅಜ್ಜಿ ಎದ್ದು, ಈ ವರ್ಷ ಕರೆಂಟ್ ಹೋಗಿದ್ದೇ ಕಡಿಮೆ, ಜನರೇಟರಿಗೆ ಡೀಸೆಲ್ ಇಷ್ಟು ಯಾಕೆ ಆಯಿತು ಅಂದಳು. ಖಜಾಂಚಿ ತಡವರಿಸಿದರು. ಪಾಸ್ಟರ್ ಎದ್ದು, "ಅಮ್ಮ ಕೇಳಿದ್ದು ಸರಿ, ಬಿಲ್ ಫೈಲ್ ತನ್ನಿ" ಅಂದರು. ಫೈಲ್ ಬಂತು. ಒಂದೊಂದೇ ಬಿಲ್ ತೆಗೆದು ಓದಿದರು. ಮೂರು ದಿನದ ಕೂಟಕ್ಕೆ ಆದ ಖರ್ಚು ಅದರಲ್ಲಿ ಸೇರಿತ್ತು. ಹಾಗಾದರೆ ಅದನ್ನು ಕೂಟದ ಖರ್ಚಿಗೆ ಬರೆಯಿರಿ ಅಂತ ಹೇಳಿ ಅಜ್ಜಿ ಕೂತಳು. ಆಮೇಲೆ ಪಾಸ್ಟರ ಸಂಬಳದ ವಿಷಯ ಬಂತು. ಯಾರೂ ಹೇಳುವ ಮೊದಲೇ ಗಂಡ ಹೆಂಡತಿ ಇಬ್ಬರೂ ಎದ್ದು ಹೊರಗೆ ಹೋದರು. ಒಳಗೆ ತೀರ್ಮಾನ ಆಗುವವರೆಗೆ ಬೇವಿನ ಮರದ ಕೆಳಗೆ ನಿಂತಿದ್ದರು. ಅವರ ಪ್ರಸಂಗ ಸಾಧಾರಣವೇ. ಆದರೂ ಅಂಥವರ ಕೈಕೆಳಗೆ ನೀನು ಇದ್ದರೆ ನಾನು ನಿಶ್ಚಿಂತೆಯಿಂದ ಇರುತ್ತೇನೆ.

ಹಾಗಂತ ಪಾಸ್ಟರಿಗೆ ಅಧಿಕಾರವೇ ಇರಬಾರದು ಅಂತ ತಿಳಿಯಬೇಡ. ಸಭೆ ಅಂದರೆ ಎಲ್ಲ ಸಾಧುಗಳೇ ಇರುತ್ತಾರಾ? ಡೀಕನ್‌ಗಳೇ ಪಾಸ್ಟರನ್ನು ಕುಣಿಸುವ ಸಭೆಗಳೂ ಇವೆ. ಮಾರ್ಟಿನ್ ಲೂಥರ್ ಕಿಂಗ್ 1954ರಲ್ಲಿ ಅಮೆರಿಕದ ಮಾಂಟ್‌ಗಮರಿ ಊರಿನ ಡೆಕ್ಸ್‌ಟರ್ ಅವೆನ್ಯೂ ಬ್ಯಾಪ್ಟಿಸ್ಟ್ ಸಭೆಗೆ ಪಾಸ್ಟರ್ ಆದಾಗ ಅವರಿಗೆ ಇಪ್ಪತ್ತೈದು ವರ್ಷ. ಅವರ ಹಿಂದಿನ ಪಾಸ್ಟರ್ ವರ್ನನ್ ಜಾನ್ಸ್ ಡೀಕನ್‌ಗಳ ಜೊತೆ ಜಟಾಪಟಿ ಆಗಿ ಬಿಟ್ಟು ಹೋಗಿದ್ದರು. ಕಿಂಗ್ ಬಂದ ಹೊಸದರಲ್ಲೇ ಸಭೆಯ ಮುಂದೆ ಲಿಖಿತ ಯೋಜನೆ ಇಟ್ಟರು. ನಾಯಕತ್ವ ಪ್ರಸಂಗ ಪೀಠದಿಂದ ಜನರ ಕಡೆಗೆ ಇಳಿಯಬೇಕು, ಜನರಿಂದ ಪೀಠಕ್ಕೆ ಏರುವುದಿಲ್ಲ ಅಂತ ಖಡಕ್ಕಾಗಿ ಬರೆದರು. ನನಗೆ ಆ ಮಾತು ಪೂರ್ತಿ ಒಪ್ಪಿಗೆ ಇಲ್ಲ. ಆದರೆ ಅದೇ ಯೋಜನೆಯಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ಕಮಿಟಿ ಮಾಡಿ ಸಭೆಯ ಜನರಿಗೇ ವಹಿಸಿದರು. ಪ್ರತಿಯೊಬ್ಬ ಮೆಂಬರೂ ವೋಟರ್ ಪಟ್ಟಿಯಲ್ಲಿ ಹೆಸರು ಹಾಕಿಸಬೇಕು ಅಂದರು. ಮುಂದಿನ ವರ್ಷ ವರ್ಣಭೇದದ ವಿರುದ್ಧ ಬಸ್ ಬಹಿಷ್ಕಾರ ಶುರುವಾದಾಗ ಆ ಸಭೆ ಅವರ ಜೊತೆ ನಿಂತಿತು. ಮುಂದೆ ನಡೆಯುವ ಧೈರ್ಯ ಪಾಸ್ಟರಿಗೆ ಬೇಕೇ ಬೇಕು. ಒಂದನೆಯ ಪೇತ್ರ ಐದನೆಯ ಅಧ್ಯಾಯ ಇನ್ನೊಮ್ಮೆ ಓದು. ಮಂದೆಯನ್ನು ಕಾಯಬೇಕು, ದೊರೆತನ ಮಾಡಬಾರದು, ಎರಡೂ ಅಲ್ಲೇ ಇದೆ.

ಕೇಳುವವರಿಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಶನ್ ಬಗ್ಗೆ 2022ರಲ್ಲಿ ಹೊರಗಿನವರಿಂದ ತನಿಖೆಯ ವರದಿ ಬಂತು. ಪಾಸ್ಟರ್‌ಗಳಿಂದ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು ವರ್ಷಗಟ್ಟಲೆ ದೂರು ಕೊಟ್ಟಿದ್ದರು. ಪ್ರತಿ ಸಭೆಯೂ ಸ್ವತಂತ್ರ, ನಾವು ಏನೂ ಮಾಡಲು ಬರುವುದಿಲ್ಲ ಅಂತ ಮೇಲಿನವರು ಕೈತೊಳೆದುಕೊಂಡಿದ್ದರು. ಆರೋಪಿಗಳ ಪಟ್ಟಿ ಮಾತ್ರ ಗುಟ್ಟಾಗಿ ಅವರ ಹತ್ತಿರವೇ ಇತ್ತು. ಬಿಷಪ್ ಇರುವ ಸಭೆಗಳಲ್ಲೂ ಇಂಥದ್ದು ಆಗಿದೆ, ನಮಗೇನೂ ಹೆಚ್ಚುಗಾರಿಕೆ ಇಲ್ಲ. ನಿನ್ನ ಸಭೆಯಲ್ಲಿ ಇಂಥ ದೂರು ಬಂದರೆ ಯಾರ ಹತ್ತಿರ ಹೋಗಬೇಕು, ಪಾಸ್ಟರ ಮೇಲೆಯೇ ಬಂದರೆ ಯಾರು ವಿಚಾರಿಸುತ್ತಾರೆ, ನೇರವಾಗಿ ಕೇಳು. ನೀನು ಸಂಡೇ ಸ್ಕೂಲ್ ಮಕ್ಕಳಿಗೆ ಕಲಿಸಬೇಕು ಅಂತಿದ್ದೀಯಲ್ಲ, ಅವರಿಗಾಗಿಯಾದರೂ ಕೇಳು.

ಇನ್ನು ದೀಕ್ಷಾಸ್ನಾನದ ಮಾತು. ನಾನು ಶಿಶು ದೀಕ್ಷಾಸ್ನಾನವನ್ನು ನಂಬುವವನು. ಬ್ಯಾಪ್ಟಿಸ್ಟರು, ಸ್ವಂತ ಬಾಯಿಂದ ನಂಬಿಕೆ ಅರಿಕೆ ಮಾಡಿದವರಿಗೆ ಮಾತ್ರ ಅನ್ನುತ್ತಾರೆ. ಇದಕ್ಕಾಗಿ ಜಗಳ ಬೇಡ. 1970ರಲ್ಲಿ ಹಲವು ಸಭೆಗಳು ಕೂಡಿ ಉತ್ತರ ಭಾರತ ಸಭೆ, ಅಂದರೆ ಸಿಎನ್‌ಐ, ಆದಾಗ ಬ್ಯಾಪ್ಟಿಸ್ಟರೂ ಅದರಲ್ಲಿ ಸೇರಿದರು, ಎರಡು ಪದ್ಧತಿಯನ್ನೂ ಇಟ್ಟುಕೊಂಡರು. ಶಿಶುವಾಗಿದ್ದಾಗ ದೀಕ್ಷಾಸ್ನಾನ ಆದವರನ್ನು ಹಾಗೆಯೇ ಮೆಂಬರ್ ಮಾಡಿಕೊಳ್ಳುವ ಬ್ಯಾಪ್ಟಿಸ್ಟ್ ಸಭೆಗಳೂ ಇವೆ, ನಿಮ್ಮಲ್ಲಿ ಹೇಗೆ ಅಂತ ವಿಚಾರಿಸು. ಮುಳುಗಲೇಬೇಕು, ನಿನ್ನ ಮನಸ್ಸಾಕ್ಷಿಯೂ ಹಾಗೆಯೇ ಹೇಳುತ್ತದೆ ಅಂದರೆ ಮುಳುಗು. ಒಂದೇ ಒಂದು ಬೇಡಿಕೆ. ಸಾಕ್ಷಿ ಹೇಳುವಾಗ, ಮೊದಲು ಆದದ್ದು ಸುಳ್ಳು ಅನ್ನಬೇಡ. ನೀನು ಏಳು ತಿಂಗಳಿಗೇ ಹುಟ್ಟಿದ ಕೂಸು. ಉಳಿಯುತ್ತೀಯೋ ಇಲ್ಲವೋ ಅನ್ನುವ ಹೊತ್ತಿನಲ್ಲಿ ನಿಮ್ಮಮ್ಮ ದೀಕ್ಷಾಸ್ನಾನ ಕೊಡಿಸಿ ನಿನ್ನನ್ನು ದೇವರ ಕೈಗೆ ಒಪ್ಪಿಸಿದಳು. ಈಗ ಅವಳಿಗೆ ನೋವಾಗಿರುವುದು ಅದಕ್ಕೆ. ನೀನೇ ಅವಳ ಹತ್ತಿರ ಕೂತು, ಆವತ್ತು ನೀನು ನನಗಾಗಿ ಕೇಳಿಕೊಂಡದ್ದನ್ನು ಈವತ್ತು ನಾನೇ ಹೇಳುತ್ತೇನಮ್ಮ ಅಂತ ಹೇಳು.

ಸೇರಿದ ಮೇಲೆ ಪಾಸ್ಟರನ್ನು ಚೆನ್ನಾಗಿ ನೋಡಿಕೊಳ್ಳಿ. ಸಂಬಳ ಸರಿಯಾಗಿ ಕೊಡಿ, ರಜೆ ಕೊಡಿ. ಅವರ ಹೆಂಡತಿ ಸಂಬಳ ಇಲ್ಲದ ಕೆಲಸಗಾರ್ತಿ ಅಲ್ಲ. ಬೇಸರ ಆದರೆ ಪಾರ್ಕಿಂಗ್‌ನಲ್ಲಿ ನಿಂತು ಮಾತಾಡಬೇಡ, ಮತ್ತಾಯ 18ರಲ್ಲಿ ಇರುವಂತೆ ಮೊದಲು ಅವರ ಹತ್ತಿರವೇ ಹೋಗು.

ಇಲ್ಲಿನ ಸಭೆಗೆ ಹೇಳದೆ ಬಿಡಬೇಡ. ಬಂದು ನಮ್ಮ ಪಾಸ್ಟರನ್ನು ಕಂಡು ಮಾತಾಡಿ, ಅವರಿಂದ ಪತ್ರ ತೆಗೆದುಕೊಂಡು ಹೋಗು. ಇಲ್ಲಿ ಹೆಸರು ತೆಗೆದರೆ ಸಮಾಧಿ ಜಾಗದ ವಿಷಯ ಏನಾಗುತ್ತದೆ ಅಂತಲೂ ಕೇಳಿಕೋ. ನಾಳೆ ಮದುವೆ ಅಂತ ಬಂದಾಗ, 1872ರ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಮದುವೆ ಮಾಡಿಸುವ ಲೈಸೆನ್ಸ್ ಅಲ್ಲಿನ ಪಾಸ್ಟರಿಗೆ ಇದೆಯಾ ಅಂತಲೂ ಈಗಲೇ ತಿಳಿದುಕೋ. ಆಮೇಲೆ ಓಡಾಡುವುದು ಬೇಡ.

ಬೈಲಾ ಸಿಕ್ಕಿದರೆ ಫೋಟೋ ತೆಗೆದು ನನಗೂ ಕಳಿಸು, ಓದಿ ಅಭಿಪ್ರಾಯ ಹೇಳುತ್ತೇನೆ. ಭಾನುವಾರ ಆರಾಧನೆ ಮುಗಿದ ಮೇಲೆ ನಾನೂ ನಿಮ್ಮ ದೊಡ್ಡಮ್ಮನೂ ನಿಮ್ಮಮ್ಮನ ಹತ್ತಿರ ಹೋಗಿ ಮಾತಾಡುತ್ತೇವೆ. ದೀಕ್ಷಾಸ್ನಾನದ ತಾರೀಖು ಗೊತ್ತಾದ ತಕ್ಷಣ ತಿಳಿಸು. ನಾವು ಮೂರೂ ಜನ ಬರುತ್ತೇವೆ, ರೈಲಿಗೆ ಮುಂಚೆಯೇ ಟಿಕೆಟ್ ಮಾಡಿಸಬೇಕು.

ನಿನ್ನ ದೊಡ್ಡಪ್ಪ