ಈ ಸಂಗೀತಕ್ಕೆ ಮೈಕ್ ಬೇಡ

ಮಾನ್ಯರೇ,

ಇಂಗ್ಲೆಂಡಿನ ಸಂಯೋಜಕರಾದ ಎಲ್ಗರ್, ವಾನ್ ವಿಲಿಯಮ್ಸ್ ಅವರ ವಿಳಂಬ ಗತಿಯ ಆರ್ಕೆಸ್ಟ್ರಾ ಕೃತಿಗಳು ಬರೀ ಅಳುಮುಂಜಿ ಎಂಬ ದೂರು ನಮ್ಮ ಕೇಳುಗರಲ್ಲಿದೆ. ಹಾಗೆ ಕೇಳಿಸಿದರೆ ತಪ್ಪು ಬಹುಪಾಲು ಕಛೇರಿಯ ಏರ್ಪಾಡಿನದು.

ವಾನ್ ವಿಲಿಯಮ್ಸ್ ಅವರ ‘ಟ್ಯಾಲಿಸ್ ಫ್ಯಾಂಟಸಿಯಾ’ ನೋಡಿ. 1910ರ ಸೆಪ್ಟೆಂಬರ್ 6ರಂದು ಗ್ಲಾಸ್ಟರ್ ಕೆಥೆಡ್ರಲ್‌ನಲ್ಲಿ ಮೊದಲು ನುಡಿಸಿದ ಕೃತಿ, ಟ್ಯಾಲಿಸ್ ಎಂಬ ಹಳೆಯ ಸಂಯೋಜಕರ ಧಾಟಿಯೊಂದನ್ನು ಆಧರಿಸಿದ್ದು. ಇರುವುದೆಲ್ಲ ತಂತಿವಾದ್ಯಗಳೇ, ಆದರೆ ಮೂರು ಗುಂಪು: ದೊಡ್ಡ ವೃಂದ, ನಾಲ್ವರು ಏಕವಾದಕರು, ಮತ್ತೆ ಒಂಬತ್ತು ಜನರ ಸಣ್ಣ ವೃಂದ (ಪಿಟೀಲು 4, ವಿಯೋಲಾ 2, ಚೆಲ್ಲೊ 2, ಡಬಲ್ ಬಾಸ್ 1). ಸಾಧ್ಯವಾದರೆ ಈ ಒಂಬತ್ತು ಮಂದಿ ದೂರ ಕೂರಬೇಕೆಂದು ಸ್ವರಲಿಪಿಯಲ್ಲೇ ಬರೆದಿದೆ. ದೊಡ್ಡ ವೃಂದ ನುಡಿಸಿ ನಿಲ್ಲಿಸಿದ್ದಕ್ಕೆ ಇವರು ಎಲ್ಲೋ ಒಳಗಿನ ಕೋಣೆಯಿಂದ ಓಗೊಟ್ಟಂತೆ ಕೇಳಬೇಕು. ಮೂರಕ್ಕೂ ಮೈಕ್ ಇಟ್ಟು ಒಂದೇ ಜೋಡಿ ಸ್ಪೀಕರಿಗೆ ಸುರಿದರೆ ಆ ದೂರವೇ ಅಳಿಸಿಹೋಗುತ್ತದೆ.

ದೂರ ಕೂರಿಸಿದರಷ್ಟೇ ಸಾಲದು. 20 ಮೀಟರ್ ದಾಟಲು ಶಬ್ದಕ್ಕೆ ಸುಮಾರು 0.06 ಸೆಕೆಂಡ್ ಹಿಡಿಯುತ್ತದೆ. ಹಿಂದೆ ದೂರ ಕೂತವರು ಕಿವಿ ನಂಬಿ ನುಡಿಸಿದರೆ ಮುಂದಿನ ಸಾಲಿನ ಕೇಳುಗರಿಗೆ ಅದರ ಎರಡರಷ್ಟು ತಡವಾಗಿ ತಲುಪುತ್ತಾರೆ. ನಿರ್ದೇಶಕರ ಕೋಲನ್ನೇ ನೋಡಿ ನುಡಿಸಬೇಕು. ಅದು ಕಾಣುವಷ್ಟು ಬೆಳಕೂ ಬೇಕು, ಅದೇ ಸಭಾಂಗಣದಲ್ಲಿ ಒಮ್ಮೆ ತಾಲೀಮೂ ಬೇಕು.

ಅಂದಹಾಗೆ, 16ನೇ ಶತಮಾನದ ಟ್ಯಾಲಿಸ್ ಅವರ ಮೂಲ ಧಾಟಿ ಪಾಶ್ಚಾತ್ಯ ಸಂಗೀತದ ಹಳೆಯ ಸ್ವರಶ್ರೇಣಿಯಾದ ಫ್ರಿಜಿಯನ್ ಮೋಡ್‌ನದು. ಗಮಕ ಬದಿಗಿಟ್ಟು ಬರೀ ಸ್ವರಸ್ಥಾನ ಲೆಕ್ಕ ಹಾಕಿದರೆ ನಮ್ಮ ಹನುಮತೋಡಿ ರಾಗವೇ. ಫ್ಯಾಂಟಸಿಯಾದ ಕಟ್ಟಕಡೆಯ ಸ್ವರಮೇಳದಲ್ಲಿ ಸಾಧಾರಣ ಗಾಂಧಾರದ ಜಾಗಕ್ಕೆ ಅದಕ್ಕಿಂತ ಅರ್ಧ ಸ್ವರ ಮೇಲಿನ ಅಂತರ ಗಾಂಧಾರ ಬಂದು ಕೂರುತ್ತದೆ. ತೋಡಿ ಕೇಳಿದ ಕಿವಿಗೆ ಇದನ್ನು ವಿವರಿಸಬೇಕಿಲ್ಲ.

ಎಲ್ಗರ್ ಅವರ ‘ಎನಿಗ್ಮಾ ವೇರಿಯೇಷನ್ಸ್’ನ ಭಾಗವಾದ ‘ನಿಮ್ರಾಡ್’ ಕೆಡುವುದು ಎಳೆತದಿಂದ. 1926ರ ಧ್ವನಿಮುದ್ರಣದಲ್ಲಿ ಸ್ವತಃ ಎಲ್ಗರ್ ಅದನ್ನು ಮೂರು ನಿಮಿಷದೊಳಗೆ ಮುಗಿಸಿದ್ದಾರೆ. ಈಗಿನ ಕೆಲವರು ನಾಲ್ಕು ದಾಟಿಸುತ್ತಾರೆ. ಅದು ಗೆಳೆಯ ಯೇಗರ್ ಜೊತೆ ಬೆಥೋವನ್ ಬಗ್ಗೆ ಆಡಿದ ಮಾತಿನ ನೆನಪು, ಶೋಕಗೀತೆಯಾದದ್ದು ಆಮೇಲೆ.

ವಾನ್ ವಿಲಿಯಮ್ಸ್ ಅವರ ಪಿಟೀಲು ಕೃತಿ ‘ದಿ ಲಾರ್ಕ್ ಅಸೆಂಡಿಂಗ್’ ಇಟ್ಟುಕೊಂಡರೆ ಏಸಿ ಸದ್ದನ್ನು ಮೊದಲೇ ಪರೀಕ್ಷಿಸಿ. ಕೊನೆಗೆ ವೃಂದವೆಲ್ಲ ಸುಮ್ಮನಾಗಿ, ತಾಳದ ಹಂಗಿಲ್ಲದೆ ಪಿಟೀಲೊಂದೇ ಮೇಲೇರುತ್ತ ಕರಗುತ್ತದೆ. ಫ್ಯಾನಿನ ಗುಂಯ್ ಸದ್ದು ಸಾಕು, ಅದನ್ನು ನುಂಗಲು. ವಂದನಾರ್ಪಣೆ ಮಾಡುವವರು ನಿರ್ದೇಶಕರ ಕೈ ಇಳಿಯುವವರೆಗೆ ದಯವಿಟ್ಟು ವೇದಿಕೆ ಹತ್ತದಿರಲಿ.

– ಓದುಗ, ಮೈಸೂರು