ಹಿಂದಿನ ಸಾಲಿನ ಗಿಟಾರ್ ಅಣ್ಣನಿಗೆ

ಭಾನುವಾರ ಹಾಡು ಕಟ್ಟುವ ಗೆಳೆಯರು ಸೇರಿದ್ದಲ್ಲಿಗೆ ಬಂದಿದ್ದ ಗಿಟಾರ್ ಅಣ್ಣ, ಈ ಥ್ಯಾಂಕ್ಸ್ ನಿಮಗೆ. ಸಾಗರದ ಅಜ್ಜಿ ಮನೆಯ ಮಳೆಗಾಲದ ಬಗ್ಗೆ ನಾನು ಬರೆದ ವಾಲ್ಟ್ಸ್, ಅಂದರೆ ಮೂರು ಪೆಟ್ಟಿನ ಪಾಶ್ಚಾತ್ಯ ಲಯದ ಹಾಡು, ಕೇಳಿ ಎಲ್ಲರೂ ಚಪ್ಪಾಳೆ ತಟ್ಟಿದರು. ನೀವು ಮಾತ್ರ ಹತ್ತಿರ ಬಂದು, ‘ಇನ್ನೊಂದ್ಸಲ ಹಾಡ್ತೀರಾ?’ ಎಂದಿರಿ.

ಮೂರು ಪೆಟ್ಟುಗಳಲ್ಲಿ ಮೊದಲನೆಯದಕ್ಕೆ ದಪ್ಪ ತಂತಿಯನ್ನಷ್ಟೇ ಮೀಟಿದಿರಿ. ಉಳಿದ ಎರಡಕ್ಕೆ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳು), ಅದೂ ಮೆಲ್ಲಗೆ. ವಾಲ್ಟ್ಸ್‌ನಲ್ಲಿ ವಿಯೆನ್ನಾದವರು ಎರಡನೇ ಪೆಟ್ಟನ್ನು ಕೂದಲೆಳೆಯಷ್ಟು ಮೊದಲೇ ನುಡಿಸುತ್ತಾರೆ ಎಂದು ನುಡಿಸಿಯೇ ತೋರಿಸಿದಿರಿ. ಹಾಡು ತೂಗತೊಡಗಿತು! ಆಮೇಲೆ ಹೇಳಿದ್ದು ನನಗೆ ಇನ್ನೂ ಜಾಸ್ತಿ ಇಷ್ಟವಾಯಿತು. ನಮ್ಮ ಹಿಂದೂಸ್ತಾನಿಯ ದಾದ್ರಾ ತಾಳವೂ ಮೂರು ಮೂರರ ಲೆಕ್ಕವೇ ಅಲ್ವಾ, ಒಟ್ಟು 6 ಮಾತ್ರೆ, ಅಂದರೆ ಆರು ಎಣಿಕೆ. ತಬಲಾದಲ್ಲಿ ‘ಧಾ ಧಿ ನಾ, ಧಾ ತಿ ನಾ.’ ಎರಡನೇ ಭಾಗದಲ್ಲಿ ಖಾಲಿ, ಅಂದರೆ ಒತ್ತು ಕೊಡದ ಜಾಗ, ಬರುವುದರಿಂದ ಅಲ್ಲಿ ಭಾರ ಕಡಿಮೆ. ಅಜ್ಜಿಯ ಹೆಸರನ್ನು ಆ ಹಗುರವಾದ ಜಾಗಕ್ಕೆ ಸರಿಸಿದೆವು. ಹಾಡುವಾಗ ನನ್ನ ಗಂಟಲು ಕಟ್ಟಿತು.

ಭಾವಗೀತೆ ಕೇಳಿ ಬೆಳೆದ ನನಗೆ ವಾಲ್ಟ್ಸ್ ಈಗ ಮನೆಯದ್ದೇ ಅನ್ನಿಸುತ್ತಿದೆ. ಅಮ್ಮನಿಗೂ ಕೇಳಿಸಿದೆ. ಅವರು ಎರಡು ಸಲ ಹಾಡಿಸಿದರು.

ಹೆಸರು ಕೇಳುವಷ್ಟರಲ್ಲಿ ನೀವು ಹೊರಟಿದ್ದಿರಿ. ಮತ್ತೆ ಬನ್ನಿ, ಎರಡನೇ ಚರಣಕ್ಕೂ ನಿಮ್ಮ ಕೈ ಬೇಕು.