ನಿಸಾರ್ ಉಪಗ್ರಹ ಗುಡ್ಡ ಜರಿಯುವ ಗಳಿಗೆ ಹೇಳುವುದಿಲ್ಲ

ಮಾನ್ಯ ಸಂಪಾದಕರೇ,

ಇಸ್ರೊ ಮತ್ತು ನಾಸಾ ಕೂಡಿ ಹಾರಿಸಿದ ನಿಸಾರ್ ಉಪಗ್ರಹ ಇನ್ನು ಪಶ್ಚಿಮಘಟ್ಟದ ಗುಡ್ಡ ಕುಸಿತವನ್ನು ಮುಂಚಿತವಾಗಿ ತಿಳಿಸಲಿದೆ ಎಂಬ ಮಾತು ಸುದ್ದಿಗಳಲ್ಲೂ ಸಭೆಗಳ ಭಾಷಣಗಳಲ್ಲೂ ಮತ್ತೆ ಮತ್ತೆ ಬರುತ್ತಿದೆ. ನೆಲ ಒಂದು ಸೆಂಟಿಮೀಟರ್ ಅಲುಗಿದರೂ ಅದು ಅಳೆಯಬಲ್ಲದು ಎಂಬುದು ನಿಜ. ಆದರೆ ಅಳೆಯುವುದಕ್ಕೂ ಎಚ್ಚರಿಸುವುದಕ್ಕೂ ನಡುವೆ ಬಹಳ ದೂರವಿದೆ. ಧರೆಯ (ಕಡಿದಾದ ಮಣ್ಣಿನ ದಿಬ್ಬದ) ಬುಡದಲ್ಲಿ ಮನೆ ಇರುವವರು ಮೇಲಿಂದ ಯಾರೋ ನೋಡುತ್ತಿದ್ದಾರೆಂದು ನಂಬಿ ಮಲಗುವಂತಾಗಬಾರದು ಎಂದು ಈ ಪತ್ರ.

2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹೊರಟ ನಿಸಾರ್ ಸುಮಾರು 747 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿದೆ. ಅದರಲ್ಲಿ ಎರಡು ರೇಡಾರ್‌ಗಳಿವೆ. ನಾಸಾದ ಎಲ್-ಬ್ಯಾಂಡಿನ ಅಲೆಯುದ್ದ 24 ಸೆಂ.ಮೀ., ಇಸ್ರೊದ ಎಸ್-ಬ್ಯಾಂಡಿನದು ಸುಮಾರು 9 ಸೆಂ.ಮೀ. ಮೋಡ, ಕತ್ತಲೆ ಯಾವುದೂ ಇವಕ್ಕೆ ಅಡ್ಡಿಯಲ್ಲ. ಉದ್ದ ಅಲೆಯಾದ ಎಲ್-ಬ್ಯಾಂಡ್ ಎಲೆಗಳ ಹೊದಿಕೆಯನ್ನು ಒಂದಿಷ್ಟು ದಾಟಿ ನೆಲ ಮುಟ್ಟುತ್ತದೆ. ಕಾಫಿ ತೋಟ, ಅಡಿಕೆ ತೋಟ, ಕಾಡು ತುಂಬಿದ ನಮ್ಮ ಘಟ್ಟಕ್ಕೆ ಇನ್ನೂ ಗಿಡ್ಡ ಅಲೆ ಬಳಸುವ ಹಿಂದಿನ ಸಿ-ಬ್ಯಾಂಡ್ ಉಪಗ್ರಹಗಳಿಗಿಂತ ಇದು ಒಳ್ಳೆಯದು ಎನ್ನುವುದರಲ್ಲಿ ಅನುಮಾನವಿಲ್ಲ.

ಆದರೆ ಉಪಗ್ರಹ ಒಂದು ದಾರಿಯಲ್ಲಿ ಮತ್ತೆ ಬರುವುದು 12 ದಿನಕ್ಕೊಮ್ಮೆ. ಮರಳಿದ ಅಲೆ ತನ್ನ ಏರಿಳಿತದ ಯಾವ ಜಾಗದಲ್ಲಿದೆ ಎಂಬುದೇ ಅದರ ಹಂತ. ಮೊದಲ ಸಲದ ಹಂತವನ್ನೂ ಎರಡನೆಯ ಸಲದ್ದನ್ನೂ ಹೋಲಿಸಿ, ನೆಲ ರೇಡಾರಿನ ಕಡೆಗೆ ಬಂತೋ ದೂರ ಸರಿಯಿತೋ ಎಂದು ಲೆಕ್ಕ ಹಾಕುತ್ತಾರೆ. ಅಲೆ ಹೋಗಿ ಬರುವುದರಿಂದ ಅರ್ಧ ಅಲೆಯುದ್ದ, ಅಂದರೆ 12 ಸೆಂ.ಮೀ. ಸರಿದರೆ ಹಂತ ಒಂದು ಪೂರ್ತಿ ಸುತ್ತು ಬಂದು ಮೊದಲಿನ ಜಾಗಕ್ಕೇ ನಿಲ್ಲುತ್ತದೆ. ಚಿತ್ರದ ಅಕ್ಕಪಕ್ಕದ ಎರಡು ಚುಕ್ಕೆಗಳ ನಡುವೆ 6 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಎಷ್ಟು ಸುತ್ತಾಯಿತೆಂಬ ಎಣಿಕೆಯೇ ತಪ್ಪುತ್ತದೆ. ತಿಂಗಳುಗಟ್ಟಲೆ ಮೆಲ್ಲಗೆ ತಗ್ಗಿದ ಜೋಶಿಮಠದಂಥ ಊರಿಗೆ ಈ ವಿಧಾನ ಹೇಳಿ ಮಾಡಿಸಿದ್ದು.

ನಮ್ಮಲ್ಲಿ ನಡೆಯುವುದು ಬೇರೆ. ಕರಾವಳಿ ಮತ್ತು ಘಟ್ಟದ ಅಂಚಿನಲ್ಲಿ ಮೇಲೆ ಜಂಬಿಟ್ಟಿಗೆ, ಅದರಡಿ ಶೇಡಿ ಮಣ್ಣು, ಅದರಡಿ ಗಟ್ಟಿ ಬಂಡೆ. ಜಂಬಿಟ್ಟಿಗೆಯ ತೂತುಗಳಲ್ಲಿ ಇಳಿದ ನೀರು ಶೇಡಿಯಲ್ಲಿ ನಿಲ್ಲುತ್ತದೆ. ಒಣಗಿದ್ದಾಗ ಗುದ್ದಲಿಗೂ ಜಗ್ಗದ ಈ ಮಣ್ಣು ನೀರು ತುಂಬಿದಾಗ ಬಿಗಿ ಕಳೆದುಕೊಳ್ಳುತ್ತದೆ. ಕಣಗಳ ನಡುವಿನ ನೀರಿನ ಒತ್ತಡ ಏರಿ ಮೇಲಿನ ಭಾರವನ್ನು ಎತ್ತಿಬಿಡುತ್ತದೆ. ಬುಡವನ್ನು ರಸ್ತೆಗೋ ಮನೆಯ ಅಂಗಳಕ್ಕೋ ಲಂಬವಾಗಿ ಕಡಿದಿದ್ದರೆ ಆಸರೆಯೂ ಇಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲಿನ ಗುಡ್ಡ ಗಂಗಾವಳಿ ನದಿಯವರೆಗೂ ಇಳಿದದ್ದು ಬೆಳಗಿನ ಕೆಲವೇ ನಿಮಿಷಗಳಲ್ಲಿ. 12 ದಿನಕ್ಕೊಮ್ಮೆ ಬರುವ ಕಣ್ಣಿಗೆ ಇಂಥದ್ದು ಸಿಗುವುದು ಕುಸಿದ ಮೇಲೆಯೇ.

ಇನ್ನೂ ಮೂರು ತೊಡಕುಗಳಿವೆ. ಗಾಳಿಯಲ್ಲಿನ ತೇವ ಅಲೆಯನ್ನು ತುಸು ನಿಧಾನಗೊಳಿಸುತ್ತದೆ. ಆಕಾಶದ ಒಟ್ಟು ನೀರಾವಿ 1 ಮಿ.ಮೀ. ಹೆಚ್ಚಾದರೆ ಅಲೆಯ ದಾರಿ 6 ಮಿ.ಮೀ.ಗೂ ಹೆಚ್ಚು ಉದ್ದವಾದಂತೆ ತೋರುತ್ತದೆ. ಜುಲೈ ತಿಂಗಳಲ್ಲಿ ಕಣಿವೆಗೂ ನೆತ್ತಿಗೂ ನಡುವೆ ಈ ತೇವ ಗಂಟೆಗಂಟೆಗೆ ಬದಲಾಗುವುದರಿಂದ, ಅಲುಗದ ಗುಡ್ಡವೂ ನಕ್ಷೆಯಲ್ಲಿ ಹಲವು ಸೆಂಟಿಮೀಟರ್ ಸರಿದಂತೆ ಕಾಣಬಹುದು. ಎರಡನೆಯದು ನೋಟದ ಕೋನ. ನಿಸಾರ್ ಯಾವಾಗಲೂ ತನ್ನ ಎಡಕ್ಕೇ ನೋಡುತ್ತದೆ, ಲಂಬದಿಂದ 33ರಿಂದ 47 ಡಿಗ್ರಿ ಓರೆಯಾಗಿ. ರೇಡಾರಿಗೆ ಮುಖ ಮಾಡಿದ ಇಳಿಜಾರು ಈ ಕೋನಕ್ಕಿಂತ ಕಡಿದಾಗಿದ್ದರೆ ಗುಡ್ಡದ ನೆತ್ತಿಯೂ ಬುಡವೂ ಚಿತ್ರದಲ್ಲಿ ಒಂದರ ಮೇಲೊಂದು ಬೀಳುತ್ತವೆ. ರೇಡಾರ್ ನೋಡುವುದು ಹೆಚ್ಚುಕಡಿಮೆ ಪೂರ್ವ-ಪಶ್ಚಿಮವಾಗಿ ಆದ್ದರಿಂದ ದಕ್ಷಿಣಕ್ಕೋ ಉತ್ತರಕ್ಕೋ ಜಾರುವ ಇಳಿಜಾರಿನ ಸರಿತ ಬಹುಪಾಲು ಲೆಕ್ಕಕ್ಕೇ ಸಿಗದು. ಮೂರನೆಯದು ಸೂಕ್ಷ್ಮತೆ. ಸಿದ್ಧ ರೂಪದಲ್ಲಿ ಸಿಗುವ ಸರಿತದ ನಕ್ಷೆಯ ಒಂದು ಚೌಕ 80 ಮೀಟರ್. ಮನೆಯ ಹಿಂದಿನ 15 ಮೀಟರ್ ಧರೆ ಅದರಲ್ಲಿ ಎಲ್ಲಿ ಕಂಡೀತು? ಪೂರ್ಣ ಸೂಕ್ಷ್ಮತೆಯ ದತ್ತಾಂಶವೂ ಉಚಿತವಾಗಿ ಸಿಗುತ್ತದೆ, ಆದರೆ ಅದನ್ನು ಸಂಸ್ಕರಿಸಲು ತರಬೇತಿ ಪಡೆದವರು ಬೇಕು.

ಹಾಗೆಂದು ನಿಸಾರ್ ಘಟ್ಟಕ್ಕೆ ಬೇಡವೆಂದಲ್ಲ. ಈಗಾಗಲೇ ಬಿರುಕು ಬಿಟ್ಟು ಮೆಲ್ಲಗೆ ಜಾರುತ್ತಿರುವ, ಕೆಳಗೆ ಜನವಸತಿಯೋ ರೈಲು ಹಳಿಯೋ ಇರುವ ಇಳಿಜಾರುಗಳನ್ನು ಆರಿಸಿ ಅಲ್ಲಿ ಮೂಲೆ ಪ್ರತಿಫಲಕಗಳನ್ನು ನೆಟ್ಟರೆ ಬಹಳ ಉಪಯೋಗವಿದೆ. ಮೂರು ತ್ರಿಕೋನ ಅಲ್ಯುಮಿನಿಯಂ ಹಲಗೆಗಳನ್ನು ಒಂದಕ್ಕೊಂದು 90 ಡಿಗ್ರಿಗೆ ಸೇರಿಸಿದರೆ ಆಯಿತು. ಬಂದ ಅಲೆಯನ್ನು ಬಂದ ದಿಕ್ಕಿಗೇ ಮರಳಿಸುವುದು ಇದರ ಗುಣ, ಸುತ್ತ ಹಸಿರಿದ್ದರೂ ಚಿತ್ರದಲ್ಲಿ ನಕ್ಷತ್ರದಂತೆ ಹೊಳೆಯುತ್ತದೆ. ವರ್ಕ್‌ಶಾಪಿನಲ್ಲೇ ಮಾಡಬಹುದಾದ ಕೆಲಸ, ಕೆಡುವುದು ಸಣ್ಣ ವಿಷಯಗಳಲ್ಲಿ. ಸಿ-ಬ್ಯಾಂಡಿಗೆ ಒಳ ಅಂಚು 1 ಮೀಟರ್ ಇದ್ದರೆ ಸಿಗುವ ಹೊಳಪು ಎಲ್-ಬ್ಯಾಂಡಿಗೆ ಬೇಕಾದರೆ ಅಂಚು 2 ಮೀಟರಿನ ಮೇಲಿರಬೇಕು. ಹಳೆಯ ಅಳತೆಯಲ್ಲೇ ಮಾಡಿಸಿದರೆ ಹೊಳಪು 18 ಪಟ್ಟು ಕಡಿಮೆ. ಇಷ್ಟು ದೊಡ್ಡ ಹಲಗೆ ಗಾಳಿಗೆ ಹಾಯಿಯಂತೆ ಉಬ್ಬುವುದರಿಂದ 1 ಸೆಂ.ಮೀ. ತೂತುಗಳ ತಗಡು ಬಳಸುವುದು ಜಾಣತನ, 24 ಸೆಂ.ಮೀ. ಅಲೆಗೆ ಆ ತೂತು ಕಾಣುವುದೇ ಇಲ್ಲ.

ಉಪಗ್ರಹ ಉತ್ತರಕ್ಕೆ ಏರುವ ದಾರಿಗೆ ಪ್ರತಿಫಲಕದ ಬಾಯಿ ಪೂರ್ವಕ್ಕೆ, ಇಳಿಯುವ ದಾರಿಗೆ ಪಶ್ಚಿಮಕ್ಕೆ ಇರಬೇಕು, ಎರಡರಲ್ಲೂ ಸುಮಾರು 10 ಡಿಗ್ರಿ ಉತ್ತರಕ್ಕೆ ತಿರುಗಿಸಿ. ತಳದ ಹಲಗೆಯನ್ನು ಮಟ್ಟಸವಾಗಿಟ್ಟರೆ ಅದರ ನೋಟ 35 ಡಿಗ್ರಿ ಮೇಲಕ್ಕೆ. ಉಪಗ್ರಹ ಇರುವುದು ದಿಗಂತದಿಂದ 50 ಡಿಗ್ರಿಯ ಆಸುಪಾಸು. ಆದ್ದರಿಂದ ತಳದ ಮುಂತುದಿಯನ್ನು 15 ಡಿಗ್ರಿಯಷ್ಟು ಎತ್ತಬೇಕು. ಎತ್ತಿದ ಕೂಡಲೇ ಮಳೆನೀರೂ ತರಗೆಲೆಯೂ ಹಿಂದಿನ ಮೂಲೆಗೆ ಸೇರುತ್ತವೆ. ಆ ಮೂಲೆಯಲ್ಲಿ ನೀರು ಹೋಗುವ ತೂತಿಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ಪ್ರತಿಫಲಕ ಕುರುಡಾಗುತ್ತದೆ. ಕಾಂಕ್ರೀಟ್ ಪೀಠ ಮೇಲ್ಮಣ್ಣಿನಲ್ಲೇ ನಿಂತರೆ ಅಳೆಯುವುದು ಗುಡ್ಡದ ಸರಿತವನ್ನಲ್ಲ, ಪೀಠದ ವಾಲುವಿಕೆಯನ್ನು. ಇನ್ನೊಂದು ಪ್ರತಿಫಲಕ ಜಾರದ ಬಂಡೆಯ ಮೇಲೆ ಬೇಕೇ ಬೇಕು. ಅದು ಕೆಲವು ನೂರು ಮೀಟರ್ ಒಳಗೆ, ಹೆಚ್ಚುಕಡಿಮೆ ಅದೇ ಎತ್ತರದಲ್ಲಿದ್ದರೆ ಎರಡರ ಮೇಲಿನ ತೇವವೂ ಒಂದೇ ಆಗಿ, ಕಳೆದಾಗ ತಪ್ಪು ಬಹುತೇಕ ಅಳಿದುಹೋಗುತ್ತದೆ.

ಕುಸಿತವಾದ ಮೇಲೂ ಈ ಉಪಗ್ರಹಕ್ಕೆ ಕೆಲಸವಿದೆ. ವಾರಗಟ್ಟಲೆ ಮೋಡ ಕವಿದಿರುವಾಗ ಎಲ್ಲೆಲ್ಲಿ ನೆಲ ಕಿತ್ತಿದೆ ಎಂಬುದನ್ನು ಅದು ಮೇಲೆ ಹಾದಾಗ ತೋರಿಸಬಲ್ಲದು. ಒಳಕಾಡಿನಲ್ಲಿ ಹೊಳೆಗೆ ಅಡ್ಡಲಾಗಿ ಮಣ್ಣು ಬಿದ್ದು ನೀರು ಕಟ್ಟಿಕೊಂಡಿದ್ದರೆ ಅದು ತಿಳಿಯುವುದೇ ದೊಡ್ಡ ಸಂಗತಿ.

ಹಾಗಾದರೆ ಎಚ್ಚರಿಕೆ ಎಲ್ಲಿಂದ? ಮಳೆಯಿಂದ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 2024ರಲ್ಲಿ ಕೋಲ್ಕತ್ತದಲ್ಲಿ ತೆರೆದ ಭೂಕುಸಿತ ಮುನ್ಸೂಚನಾ ಕೇಂದ್ರವೂ ಮುಖ್ಯವಾಗಿ ಮಳೆಯ ಲೆಕ್ಕವನ್ನೇ ನೆಚ್ಚಿದೆ. ಎರಡು ಸಂಗತಿ ಕೂಡಿದಾಗ ಗುಡ್ಡ ಬೀಳುತ್ತದೆ: ಹಿಂದಿನ ವಾರಗಳ ಮಳೆಗೆ ಮಣ್ಣು ತುಂಬಿರುವುದು, ಅದರ ಮೇಲೆ ಕೆಲವೇ ಗಂಟೆ ಬಿರುಸಾಗಿ ಸುರಿಯುವುದು. ದಿನವಿಡೀ ಹರಡಿ ಬಿದ್ದ 200 ಮಿ.ಮೀ.ಗೂ ನಾಲ್ಕು ಗಂಟೆಯಲ್ಲಿ ಬಿದ್ದ 200 ಮಿ.ಮೀ.ಗೂ ಇಳಿಜಾರಿನ ಮಟ್ಟಿಗೆ ಹೋಲಿಕೆಯೇ ಇಲ್ಲ.

ಉಳಿದದ್ದು ಕಣ್ಣಿಗೆ ಕಾಣುವ ಗುರುತುಗಳು: ಧರೆಯ ನೆತ್ತಿಯಲ್ಲಿ ಅರ್ಧಚಂದ್ರಾಕಾರದ ಬಿರುಕು, ವಾಲಿದ ವಿದ್ಯುತ್ ಕಂಬ, ಇಲ್ಲದ ಕಡೆ ಒಡೆದ ಒರತೆ, ತಿಳಿಯಾಗಿದ್ದ ಒರತೆ ಏಕಾಏಕಿ ಕೆಂಪಾಗುವುದು, ಮಳೆ ಸುರಿಯುತ್ತಿದ್ದರೂ ಹಳ್ಳದ ನೀರು ತಗ್ಗುವುದು. ಕೊನೆಯ ಎರಡು ಕಂಡರೆ ಅಳೆಯುತ್ತ ಕೂರುವಂತಿಲ್ಲ, ಮನೆ ಬಿಡಬೇಕು. ಹೊರಟವರು ಹಳ್ಳದ ಗುಂಟ ಇಳಿಯದೆ ಪಕ್ಕದ ದಿಬ್ಬಕ್ಕೆ ಹೋಗಬೇಕು. ಬಿರುಕು ಮಾತ್ರ ಇದ್ದರೆ ಅದರ ಎರಡೂ ಬದಿಗೆ ಗೂಟ ಬಡಿದು, ತಲೆಗೆ ಮೊಳೆ ಹೊಡೆದು, ಮೊಳೆಯಿಂದ ಮೊಳೆಗೆ ದಿನಕ್ಕೆರಡು ಬಾರಿ ಟೇಪು ಹಿಡಿದು ಬರೆದಿಡಬಹುದು. ಇವತ್ತಿನ ಹೆಚ್ಚಳ ನಿನ್ನೆಗಿಂತ ಜಾಸ್ತಿಯಾಗುತ್ತ ಹೋದರೆ ಅದೇ ಮುನ್ಸೂಚನೆ. ಬಿರುಕಿಗೆ ಪ್ಲಾಸ್ಟಿಕ್ ಹೊದಿಸಿ, ಮೇಲಿನ ನೀರನ್ನು ಅಗಳು ತೋಡಿ ಬೇರೆಡೆಗೆ ತಿರುಗಿಸುವುದು ತಕ್ಷಣ ಮಾಡಬಹುದಾದ ಕೆಲಸ. ಆ ಅಗಳೇ ಸೋರಿ ಧರೆಗೆ ನೀರಿಳಿಸುವುದೂ ಉಂಟು, ಅದಕ್ಕೆ ಹಾಸು ಬೇಕು.

ಪತ್ರಿಕೆಯಲ್ಲಿ ಒಂದು ವಿನಂತಿ. ತಾಲ್ಲೂಕುವಾರು ಮಳೆಯ ಪಟ್ಟಿಯಲ್ಲಿ ಈಗ ಬೆಳಗಿನ 8.30ಕ್ಕೆ ಮುಗಿಯುವ 24 ಗಂಟೆಗಳ ಮೊತ್ತ ಮಾತ್ರ ಬರುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ತಾಲ್ಲೂಕುಗಳಿಗಾದರೂ ಇನ್ನೆರಡು ಅಂಕಣ ಸೇರಿಸಿ: ಒಂದು ಗಂಟೆಯಲ್ಲಿ ಬಿದ್ದ ಗರಿಷ್ಠ ಮಳೆ, ಹಿಂದಿನ 15 ದಿನಗಳ ಒಟ್ಟು ಮಳೆ.

– ಭೂವಿಜ್ಞಾನದ ಓದುಗ, ಶಿರಸಿ